ಒತ್ತಡದ ಕೋಣೆಗೆ ಮುನ್ನ ಎದೆಯ ತಪಾಸಣೆ

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಕೈ ಸಡಿಲಿಸಿದರೆ ಅದೇ ಗಾಳಿ ಹಿಗ್ಗಿ ಹಿಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಉಷ್ಣತೆ ಬದಲಾಗದಿದ್ದರೆ, ಒತ್ತಡ ಇಮ್ಮಡಿಯಾದಾಗ ಅನಿಲದ ಗಾತ್ರ ಅರ್ಧಕ್ಕಿಳಿಯುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಹೈಸ್ಕೂಲಿನ ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ರೋಗಿಯ ಪ್ರಾಣವೇ ಈ ನಿಯಮವನ್ನು ಅವಲಂಬಿಸಿರುವ ಸಂದರ್ಭವೂ ಉಂಟು.

ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ ಅಂಥದ್ದು. ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 2ರಿಂದ 3 ಪಟ್ಟು ಏರಿಸಿ ರೋಗಿಗೆ ಶುದ್ಧ ಆಮ್ಲಜನಕ ಕೊಡುತ್ತಾರೆ. ಕಾರ್ಬನ್ ಮಾನಾಕ್ಸೈಡ್ ವಿಷಬಾಧೆಗೆ, ಸಕ್ಕರೆ ಕಾಯಿಲೆಯವರ ಕಾಲಿನ ಕೆಲವು ಮಾಯದ ಹುಣ್ಣುಗಳಿಗೆ ಇದನ್ನು ಬಳಸುತ್ತಾರೆ.

ಒತ್ತಡ ಏರುವಾಗ ಕಿವಿ ನೋಯಬಹುದು. ಎಂಜಲು ನುಂಗಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಶ್ವಾಸಕೋಶಕ್ಕೆ ಅಪಾಯವಿರುವುದು ಒತ್ತಡ ಇಳಿಯುವಾಗ. ಎರಡೂವರೆ ಪಟ್ಟು ಒತ್ತಡದಲ್ಲಿ ಎದೆಯೊಳಗೆ ಸಿಕ್ಕಿಕೊಂಡ 1 ಲೀಟರ್ ಗಾಳಿ, ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಎರಡೂವರೆ ಲೀಟರಾಗಲು ಹವಣಿಸುತ್ತದೆ. ಉಸಿರಾಟ ಸರಾಗವಾಗಿದ್ದರೆ ಹೆಚ್ಚಿನ ಗಾಳಿ ತಾನಾಗಿ ಹೊರಬೀಳುತ್ತದೆ. ರೋಗಿ ಉಸಿರು ಬಿಗಿಹಿಡಿದರೆ, ಅಥವಾ ಕಫ ಶ್ವಾಸನಾಳಕ್ಕೆ ಅಡ್ಡವಾದರೆ, ಗಾಳಿಗೂಡುಗಳು ಹರಿಯಬಹುದು. ಗಾಳಿ ರಕ್ತನಾಳ ಸೇರಿ ಮೆದುಳು ತಲುಪಿದರೆ ಪಾರ್ಶ್ವವಾಯು ಬಡಿಯಬಹುದು. ಸಿಲಿಂಡರಿನ ಗಾಳಿ ಉಸಿರಾಡುವ ಮುಳುಗುಗಾರರು ಬರೀ ನಾಲ್ಕು ಅಡಿ ಆಳದಿಂದ ಉಸಿರು ಕಟ್ಟಿ ಮೇಲೆದ್ದು ಹೀಗೆ ಅಪಾಯಕ್ಕೆ ಸಿಕ್ಕಿದ್ದುಂಟು.

ಶ್ವಾಸಕೋಶದಿಂದ ಸೋರಿ ಎದೆಗೂಡಿನಲ್ಲಿ ನಿಂತ ಗಾಳಿಗಂತೂ ಹೊರದಾರಿಯೇ ಇಲ್ಲ. ವೈದ್ಯರು ಇದನ್ನು ನ್ಯುಮೋಥೊರಾಕ್ಸ್ ಎನ್ನುತ್ತಾರೆ. ಕೊಳವೆ ಹಾಕಿ ಈ ಗಾಳಿಯನ್ನು ತೆಗೆಯದೆ ರೋಗಿಯನ್ನು ಕೋಣೆಗೆ ಬಿಡುವಂತಿಲ್ಲ. ಕೋಣೆಯೊಳಗೇ ಅದು ಕಾಣಿಸಿಕೊಂಡರೆ ಗಾಬರಿಯಿಂದ ಒತ್ತಡ ಇಳಿಸುವುದೇ ತಪ್ಪು. ಗಾಳಿ ಹಿಗ್ಗಿ ಶ್ವಾಸಕೋಶವನ್ನೂ ಹೃದಯವನ್ನೂ ಅದುಮುತ್ತದೆ. ಮೊದಲು ಎದೆಯ ಗಾಳಿ ತೆಗೆಯಬೇಕು. ಒಬ್ಬರೇ ಮಲಗುವ ಕೊಳವೆಯಂಥ ಕೋಣೆಯಾದರೆ ವೈದ್ಯರ ಕೈ ಒಳಗೆ ಹೋಗುವುದಾದರೂ ಹೇಗೆ?

ಆದ್ದರಿಂದಲೇ ಅಷ್ಟೊಂದು ಪ್ರಶ್ನೆಗಳು: ಆಸ್ತಮಾ ಇದೆಯೇ, ಹಿಂದೆ ಎದೆಯ ಶಸ್ತ್ರಚಿಕಿತ್ಸೆ ಆಗಿತ್ತೇ, ಕ್ಷಯದ ಕಲೆ ಉಳಿದಿದೆಯೇ, ಬೀಡಿ ಸಿಗರೇಟಿನ ಚಟವಿದೆಯೇ, ಕ್ಯಾನ್ಸರಿಗೆ ಬ್ಲಿಯೋಮೈಸಿನ್ ಔಷಧಿ ಕೊಟ್ಟಿದ್ದರೇ? ಅನುಮಾನವಿದ್ದರೆ ಎಕ್ಸ್-ರೇ, ಅದರಲ್ಲಿ ಕಾಣದ ಸಣ್ಣ ಗಾಳಿಗುಳ್ಳೆಗಳಿಗೆ ಸಿ.ಟಿ. ಸ್ಕ್ಯಾನ್. ಆಸ್ತಮಾ ಎಂದರೆ ಚಿಕಿತ್ಸೆ ತಪ್ಪೀತೆಂದು ಮಗುವಿನ ಉಬ್ಬಸವನ್ನು ಮುಚ್ಚಿಡಬೇಕಾಗಿಲ್ಲ. ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಚಿಕಿತ್ಸೆಯ ದಿನ ಬೆಳಿಗ್ಗೆ ಶುರುವಾದ ನೆಗಡಿ, ಕೆಮ್ಮನ್ನೂ ಹೇಳಿಬಿಡಬೇಕು. ಒಂದೆರಡು ದಿನ ಮುಂದೂಡಿದರಾಯಿತು.