ಗಲ್ಲಿಗೇರುವವನಿಗಷ್ಟೇ ತೆರೆಯುವ ಬಾಗಿಲು

2003ರ ಜೂನ್‌ನಲ್ಲಿ ಮಹಾರಾಷ್ಟ್ರದ ನಾಸಿಕ್ ಬಳಿ ಐವರ ಹತ್ಯೆ ನಡೆಯಿತು. ಅಲೆಮಾರಿ ಸಮುದಾಯದ ಆರು ಮಂದಿ ಆರೋಪಿಗಳಾದರು. ವಿಚಾರಣಾ ನ್ಯಾಯಾಲಯ ಎಲ್ಲರಿಗೂ ಗಲ್ಲು ವಿಧಿಸಿತು. ಬಾಂಬೆ ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರಿಗೂ ಗಲ್ಲನ್ನೇ ಮರಳಿ ವಿಧಿಸಿತು. ಹತ್ತು ವರ್ಷಗಳ ಬಳಿಕ, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು.

ಈ ಹತ್ತು ವರ್ಷಗಳಲ್ಲಿ ಹೊಸ ಸಾಕ್ಷ್ಯವೇನಾದರೂ ಸಿಕ್ಕಿತೇ? ಇಲ್ಲ. ಬದುಕುಳಿದ ಮಹಿಳೆ ಪೊಲೀಸರ ಭಾವಚಿತ್ರಗಳ ಸಂಪುಟದಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದ ಸಂಗತಿ ಮೊದಲಿನಿಂದಲೂ ಕಡತದಲ್ಲೇ ಇತ್ತು. ಅದನ್ನು ಯಾರಾದರೂ ಮತ್ತೊಮ್ಮೆ ಗಮನವಿಟ್ಟು ಓದಬೇಕಿತ್ತು, ಅಷ್ಟೇ.

ಮರುಪರಿಶೀಲನಾ ಅರ್ಜಿಗಳು ಸಾಮಾನ್ಯವಾಗಿ ವಕೀಲರ ವಾದವಿಲ್ಲದೆ ನ್ಯಾಯಮೂರ್ತಿಗಳ ಕೊಠಡಿಯಲ್ಲೇ ಇತ್ಯರ್ಥವಾಗುತ್ತವೆ. ಗಲ್ಲುಶಿಕ್ಷೆಯ ಪ್ರಕರಣಗಳಲ್ಲಾದರೂ ತೆರೆದ ನ್ಯಾಯಾಲಯದಲ್ಲಿ ವಾದ ಕೇಳಬೇಕೆಂದು ಸಂವಿಧಾನ ಪೀಠ 2014ರಲ್ಲಿ ಹೇಳಿತು. ಈ ಆರು ಮಂದಿಗೆ ದಾರಿ ತೆರೆದದ್ದು ಆ ಬಳಿಕ. ಹೈಕೋರ್ಟ್ ತೋರಿದ ಕರುಣೆ ಹಾಗೆಯೇ ಉಳಿದಿದ್ದರೆ, ಜೀವಾವಧಿಯ ಆ ಮೂವರಿಗೆ ಈ ಹಕ್ಕೇ ಇರುತ್ತಿರಲಿಲ್ಲ. ಇದಕ್ಕಿಂತ ಕ್ರೂರವಾದ ವಿಪರ್ಯಾಸ ಯಾವುದಿದೆ?

ಬ್ರಿಟನ್ನಿನಲ್ಲಿ, ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟದ ಪ್ರಕರಣದಲ್ಲಿ ಹದಿನಾರು ವರ್ಷ ಸೆರೆಯಲ್ಲಿ ಕೊಳೆತ ಆರು ಮಂದಿ 1991ರಲ್ಲಿ ಬಿಡುಗಡೆಯಾದರು. ಇಂಥ ಪ್ರಮಾದಗಳಿಂದ ಪಾಠ ಕಲಿತು ಅಲ್ಲಿ 1997ರಲ್ಲಿ ಸ್ವತಂತ್ರ ಆಯೋಗವೊಂದು ಕಾರ್ಯಾರಂಭ ಮಾಡಿತು. ಪೊಲೀಸರ ಕಡತ ತರಿಸಿಕೊಳ್ಳುವ, ಪ್ರಕರಣವನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಮರಳಿಸುವ ಅಧಿಕಾರ ಅದಕ್ಕಿದೆ. ಆ ಆಯೋಗವೇನೂ ದೋಷಾತೀತವಲ್ಲ: ಅದು ಎರಡು ಬಾರಿ ತಿರಸ್ಕರಿಸಿದ್ದ ಕೈದಿಯೊಬ್ಬ ನಿರಪರಾಧಿಯೆಂದು 2023ರಲ್ಲಿ ಸಾಬೀತಾಯಿತು. ಆದರೂ ತಟ್ಟಲು ಅಲ್ಲೊಂದು ಬಾಗಿಲಾದರೂ ಇದೆ. ಅಮೆರಿಕದಲ್ಲಿ 1992ರಲ್ಲಿ ನ್ಯೂಯಾರ್ಕಿನ ಕಾನೂನು ಕಾಲೇಜೊಂದರಲ್ಲಿ ಆರಂಭವಾದ ‘ಇನೊಸೆನ್ಸ್ ಪ್ರಾಜೆಕ್ಟ್’, ಡಿಎನ್‌ಎ ಪರೀಕ್ಷೆಯ ನೆರವಿನಿಂದ ಕೈದಿಗಳ ನಿರ್ದೋಷಿತ್ವವನ್ನು ಸಾಬೀತುಪಡಿಸುತ್ತ ಬಂದಿದೆ.

ನಮ್ಮಲ್ಲಿ 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಬಲಿಯಾದವರಿಗೆ ಪರಿಹಾರ ನೀಡಲು ಶಾಸನಬದ್ಧ ವ್ಯವಸ್ಥೆ ಬೇಕೆಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಪರಿಹಾರದ ಮಾತಾದರೂ ನಿರ್ದೋಷಿತ್ವ ರುಜುವಾದ ನಂತರದ್ದು. ಅದನ್ನು ರುಜುಪಡಿಸಲು ಸೆರೆಮನೆಯೊಳಗಿನ ಬಡವನಿಗೆ ನೆರವಾಗುವವರು ಯಾರು? ಪ್ರತಿ ರಾಜ್ಯದ ಕಾನೂನು ಸೇವಾ ಪ್ರಾಧಿಕಾರವೂ ಕಾನೂನು ಕಾಲೇಜುಗಳ ಜೊತೆಗೂಡಿ, ಮೇಲ್ಮನವಿ ಮುಗಿದ ಕಡತಗಳನ್ನು ಓದುವ ಘಟಕವೊಂದನ್ನು ತೆರೆಯಬಹುದು. ಶಿಕ್ಷೆ ಮುಗಿಯುವವರೆಗೂ ಸಾಕ್ಷ್ಯವಸ್ತುಗಳನ್ನು ಕಾಪಿಡಬೇಕೆಂಬ ಕಟ್ಟುನಿಟ್ಟಿನ ನಿಯಮವೂ ಬೇಕು.

ನಾಸಿಕ್ ಪ್ರಕರಣದ ಆರು ಮಂದಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೋರ್ಟ್ ಆದೇಶಿಸಿತು. ಹದಿನಾರು ವರ್ಷಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2,600 ರೂಪಾಯಿ. ಆ ಮಹಿಳೆ ಗುರುತಿಸಿದ ನಾಲ್ವರ ಜಾಡನ್ನು ಪೊಲೀಸರು ಹಿಡಿದೇ ಇರಲಿಲ್ಲ.