ಡಿಸ್ಕುಗಳು ಉಳಿದರೆ ಮಾಹಿತಿ ಉಳಿದೀತೇ?

ಕಳೆದ ಮಳೆಗಾಲದ ಒಂದು ಮುಂಜಾನೆ ಕಾರವಾರದ ನಮ್ಮ ಪ್ರಯೋಗಾಲಯದ ಗಣಕಯಂತ್ರವು ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಎಚ್ಚರಗೊಳ್ಳಲಿಲ್ಲ. ಮುಚ್ಚಳ ತೆಗೆದು ನೋಡಲಾಗಿ, ಮದರ್‌ಬೋರ್ಡಿನ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಹಬ್ಬಿದ್ದಿತು. ಕಡಲ ಗಾಳಿಯ ಉಪ್ಪು ತೇವವನ್ನು ಹೀರಿ ವಿದ್ಯುದ್ವಾಹಕ ದ್ರಾವಣವಾಗುವುದೂ, ಅದರಲ್ಲಿನ ಕ್ಲೋರೈಡ್ ಅಯಾನುಗಳು ಲೋಹವನ್ನು ತಿನ್ನುವುದೂ ನಾವು ತರಗತಿಯಲ್ಲಿ ಹೇಳುವ ಪಾಠವೇ ಆಗಿದೆ. ಕಾರವಾರದವರಿಗಾಗಲಿ, ೧೯೩೦ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯವರಿಗಾಗಲಿ ಉಪ್ಪಿನ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಬೋರ್ಡು ಕೆಟ್ಟುದಕ್ಕೆ ನಾನು ಮರುಗಲಿಲ್ಲ, ಹೊಸದನ್ನು ಕೊಳ್ಳಬಹುದು. ಒಳಗಿದ್ದ ಮೂರು ಡಿಸ್ಕುಗಳ ಚಿಂತೆ ಹತ್ತಿತು. ಧ್ವನಿಶಾಸ್ತ್ರದ ಅಭ್ಯಾಸಕ್ಕೆಂದು ಅಂಕೋಲೆಯ ಕಡೆಯ ವಿದ್ಯಾರ್ಥಿಗಳು ತಮ್ಮ ಹಿರಿಯರಿಂದ ಸುಗ್ಗಿಯ ಹಾಡುಗಳನ್ನು ಹಾಡಿಸಿ, ಗುಮಟೆ ಬಾರಿಸಿ, ಮುದ್ರಿಸಿ ತಂದ ಧ್ವನಿಗಳು ಅವುಗಳಲ್ಲಿದ್ದುವು. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. “ಡಿಸ್ಕುಗಳು ನೆಟ್ಟಗಿವೆಯಲ್ಲ ಸರ್, ಹೊಸ ಬೋರ್ಡಿಗೆ ಜೋಡಿಸಿದರಾಯಿತು” ಎಂದನು ಒಬ್ಬ ವಿದ್ಯಾರ್ಥಿ. ಅವನ ಮಾತು ಅರ್ಧ ಸತ್ಯ. ಆ ಅರ್ಧ ಸತ್ಯದ ಅಪಾಯವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ಒಂದು ದುಬಾರಿ ಡಿಸ್ಕಿನ ಕೆಲಸವನ್ನು ಮಾಡಿಸಬಹುದೆಂದು ಅಮೆರಿಕೆಯ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ವಿಜ್ಞಾನಿಗಳು ೧೯೮೮ರಲ್ಲಿ ಪ್ರತಿಪಾದಿಸಿದರು. ಈ ಏರ್ಪಾಡಿಗೆ ‘ರೇಡ್’ ಎಂದು ಹೆಸರು. ಇದರ ಐದನೆಯ ಬಗೆಯಲ್ಲಿ ಮಾಹಿತಿಯು ತುಂಡುತುಂಡಾಗಿ ಎಲ್ಲ ಡಿಸ್ಕುಗಳ ಮೇಲೂ ಹರಡುವುದು. ಜೊತೆಗೆ ‘ಪ್ಯಾರಿಟಿ’ ಎಂಬ ತಾಳೆಯ ಅಂಕಿಯೂ ಇರುವುದು. ಒಂದು ಡಿಸ್ಕಿನಲ್ಲಿ ೧೦೧೧, ಇನ್ನೊಂದರಲ್ಲಿ ೦೧೧೦ ಇವೆಯೆನ್ನಿ. ಎರಡರ ಅಂಕಿಗಳು ಒಂದೇ ಆಗಿರುವೆಡೆ ೦, ಬೇರೆಯಾಗಿರುವೆಡೆ ೧ ಎಂದು ಬರೆದರೆ ೧೧೦೧ ದೊರೆಯುವುದು. ಇದು ಮೂರನೆಯ ಡಿಸ್ಕಿಗೆ. ಎರಡನೆಯ ಡಿಸ್ಕು ಹಾಳಾದರೆ, ೧೦೧೧ ಮತ್ತು ೧೧೦೧ಗಳನ್ನು ಅದೇ ನಿಯಮದಿಂದ ಹೋಲಿಸಿರಿ: ೦೧೧೦ ಮರಳಿ ಬಂದಿತು! ಎಂಥ ಸರಳ, ಎಂಥ ಸುಂದರ ಉಪಾಯ!

ಆದರೆ ಯಾವ ಡಿಸ್ಕು ಮೊದಲನೆಯದು, ತುಂಡಿನ ಗಾತ್ರವೆಷ್ಟು, ಪ್ಯಾರಿಟಿಯು ಯಾವ ಕ್ರಮದಲ್ಲಿ ಡಿಸ್ಕಿನಿಂದ ಡಿಸ್ಕಿಗೆ ಸರಿಯುತ್ತದೆ ಎಂಬುದನ್ನು ತಿಳಿಯದವನಿಗೆ ಈ ಡಿಸ್ಕುಗಳು ಹೊಲಿಗೆ ಬಿಚ್ಚಿ ಹಾಳೆ ಚೆದರಿದ, ಪುಟಸಂಖ್ಯೆಯಿಲ್ಲದ ಪುಸ್ತಕದಂತೆ. ಆ ಕ್ರಮದ ವಿವರವನ್ನು ಸಾಮಾನ್ಯವಾಗಿ ಡಿಸ್ಕುಗಳ ಮೇಲೆಯೇ ಬರೆದಿರುತ್ತಾರೆ. ತೊಡಕೆಂದರೆ, ಬೋರ್ಡಿನೊಳಗಿನ ರೇಡ್ ತನ್ನ ತಯಾರಕನ ಲಿಪಿಯಲ್ಲಿ ಬರೆಯುವುದು. ಬೇರೆ ತಯಾರಕನ ಬೋರ್ಡು ಅದನ್ನು ಓದಲಾರದೆ ಹೋಗಬಹುದು. ನಮ್ಮಲ್ಲಿ ಆದುದೂ ಅದೇ. ಹೊಸ ಬೋರ್ಡು ಡಿಸ್ಕುಗಳನ್ನು ಬರಿದೆಂದು ಭಾವಿಸಿ, ಹೊಸ ರೇಡ್ ರಚಿಸಲೇ ಎಂದು ಕೇಳಿತು. ಹೌದೆಂದು ಒತ್ತಿದ್ದರೆ ಹಳೆಯ ಗುರುತುಗಳ ಮೇಲೆ ಹೊಸ ಗುರುತುಗಳು ಬಿದ್ದು, ಇದ್ದುದನ್ನೂ ಕಳೆದುಕೊಳ್ಳುವ ಸಂಭವವಿದ್ದಿತು. ನಾವು ಅಲ್ಲಿಯೇ ನಿಲ್ಲಿಸಿ, ಮೊದಲು ಒಂದೊಂದು ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದೆವು. ಬಳಿಕ ಪ್ರತಿಗಳನ್ನು ಲಿನಕ್ಸ್ ಯಂತ್ರವೊಂದಕ್ಕೆ, ಓದುವುದಕ್ಕೆ ಮಾತ್ರ ಅವಕಾಶವಿರುವಂತೆ, ಜೋಡಿಸಿದೆವು. ಅದೃಷ್ಟವಶಾತ್ ಆ ಲಿಪಿ ಲಿನಕ್ಸಿಗೆ ತಿಳಿದಿದ್ದಿತು. ಅಜ್ಜಿಯರ ಧ್ವನಿ ಮರಳಿ ಕೇಳಿಸಿತು.

ಅದೃಷ್ಟವನ್ನು ನೆಚ್ಚಿಕೊಂಡಿರುವುದು ವಿಜ್ಞಾನಿಯ ಲಕ್ಷಣವಲ್ಲ. ಆದುದರಿಂದ ನಮ್ಮ ಕರಾವಳಿಯ ಕಾಲೇಜುಗಳು ಮೂರು ನಿಯಮಗಳನ್ನು ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಬೋರ್ಡಿಗೆ ಅಂಟಿಕೊಂಡ ರೇಡನ್ನು ಬಿಟ್ಟು, ಲಿನಕ್ಸಿನಲ್ಲಿರುವಂತೆ ಎಲ್ಲರಿಗೂ ತೆರೆದ ತಂತ್ರಾಂಶದ ರೇಡನ್ನು ಬಳಸುವುದು. ಅದಕ್ಕೆ ಬೋರ್ಡು ಯಾರದಾದರೂ ಸರಿಯೇ. ಎರಡನೆಯದು, ರೇಡಿನ ಬಗೆ, ಡಿಸ್ಕುಗಳ ಕ್ರಮ, ತುಂಡಿನ ಗಾತ್ರಗಳನ್ನು ಕಾಗದದ ಮೇಲೆ ಬರೆದಿಡುವುದು. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ರೇಡನ್ನು ಬ್ಯಾಕಪ್ ಎಂದು ಭ್ರಮಿಸಕೂಡದು. ಅದು ಒಂದು ಡಿಸ್ಕಿನ ಸಾವನ್ನು ತಾಳಿಕೊಳ್ಳಬಲ್ಲದು. ಸಿಡಿಲು, ನೆರೆ, ವೈರಸ್ಸು, ಕೈತಪ್ಪಿ ಅಳಿಸಿದ ಕಡತ ಇವುಗಳಿಂದ ಕಾಪಾಡಲಾರದು.

ಹಣವೆಲ್ಲಿ ಎಂದು ಕೇಳುವವರುಂಟು. ಲಿನಕ್ಸಿಗೆ ಬೆಲೆಯಿಲ್ಲ, ಬೇಕಾದುದು ಹೊರಗಿಡುವ ಒಂದು ಡಿಸ್ಕು ಮಾತ್ರ. ಕಾರವಾರದ ಪ್ರತಿ ಅಂಕೋಲೆಯಲ್ಲಿಯೂ, ಅಂಕೋಲೆಯ ಪ್ರತಿ ಕಾರವಾರದಲ್ಲಿಯೂ ಇರಲಿ. ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಎರಡು ಊರುಗಳಿಗೆ ಒಂದೇ ಸಿಡಿಲು ಬಡಿಯಲಾರದು.

ಅಂಕೋಲೆ ತಾಲೂಕಿನ ಬಡಗೇರಿಯ ಜಾನಪದ ಗಾಯಕಿ, ೨೦೧೭ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ೨೦೨೫ರಲ್ಲಿ ತೀರಿಕೊಂಡರು. ಅವರ ಕಂಠ ಇನ್ನು ಮುದ್ರಣಗಳಲ್ಲಿ ಮಾತ್ರ ಉಂಟು. ಪ್ರಯೋಗದ ಅಳತೆಯನ್ನು ಮತ್ತೊಮ್ಮೆ ತೆಗೆಯಬಹುದು. ಹೋದವರನ್ನು ಮತ್ತೊಮ್ಮೆ ಹಾಡಿಸಲಾಗದು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರ ಧ್ವನಿ ನಿಮ್ಮಲ್ಲಿ ಎಷ್ಟು ಕಡೆ ಇದೆಯೆಂದು ಇಂದೇ ಎಣಿಸಿ ನೋಡಿರಿ. ಉತ್ತರ ಒಂದು ಎಂದಾದರೆ, ನಾಳೆಗೆ ಕಾಯಬೇಡಿರಿ.