ಸವತಿ ಅನ್ನಲಾಗದವನು
ಕಳೆದ ವಾರ ಇಂಡಿಯಿಂದ ಸಿಂದಗಿಗೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು, ಕಾಲಡಿ ಲಿಂಬೆಹಣ್ಣಿನ ಚೀಲ ಇಟ್ಟುಕೊಂಡು, ಗೆಳತಿಗೆ ಹೇಳುತ್ತಿದ್ದಳು: ‘ಬ್ಯಾರೆ ಹೆಂಗಸ ಇದ್ದಿದ್ರ ತುರುಬ ಹಿಡದ ಜಗಳಾ ತೆಗೀತಿದ್ದೆ. ಇವಾ ಗೆಳ್ಯಾ. ಬಂದಾಗೊಮ್ಮೆ ರೊಟ್ಟಿ ಬಡದ ಹಾಕಬೇಕ. ಮತ್ತ ನನ್ನ ಕೂಡನೂ ಚೊಲೊನೇ ಅದಾನ, ಅದ ತಿಳೀವಲ್ದು ನೋಡ.’ ಕಂಡಕ್ಟರ್ ಬಂದ, ಮಾತು ನಿಂತಿತು. ನಮ್ಮ ಭಾಷೆ ಹೆಣ್ಣಿಗೆ ‘ಸವತಿ’ ಎಂಬ ಪದವನ್ನಾದರೂ ಕೊಟ್ಟಿದೆ. ಅದರ ಬೆನ್ನಿಗೆ ಬೈಗುಳ, ಹಾಡು, ಹಿರಿಯರ ಪಂಚಾಯ್ತಿ ಎಲ್ಲ ಬರುತ್ತವೆ. ಗಂಡನ ಮನಸ್ಸು ಗಂಡಸಿನತ್ತಲೂ ಹರಿದರೆ ಬಾಯಿಗೆ ಏನೂ ಬರುವುದಿಲ್ಲ. ‘ದ್ವಿಲಿಂಗಿ’ ಪತ್ರಿಕೆಯವರ ಪದ, ಮುದ್ದೇಬಿಹಾಳ, ಬಾಗೇವಾಡಿಯ ಕಟ್ಟೆಗಳಿಗೆ ಇನ್ನೂ ಇಳಿದಿಲ್ಲ. ಕಾನೂನು ಇನ್ನಷ್ಟು ಸೋಜಿಗ: ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿತು, ಸರಿಯಾಗಿಯೇ ಹೇಳಿತು, ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 13(2) ಕಲಮು ಗಂಡನ ಗುದಮೈಥುನವನ್ನು ಅತ್ಯಾಚಾರ, ಪಶುಸಂಭೋಗಗಳ ಸಾಲಿನಲ್ಲಿಟ್ಟು ಹೆಂಡತಿಗೆ ವಿಚ್ಛೇದನದ ಕಾರಣವೆಂದು ಕೊಡುತ್ತದೆ. ಆಕೆಗೆ ಬೇಕಾದದ್ದು ಆ ಅಸಹ್ಯದ ಹಣೆಪಟ್ಟಿಯಲ್ಲ. ಲಗ್ನಕ್ಕೆ ಮೊದಲೇ ಒಂದು ಮಾತು ಹೇಳಿದ್ದರೆ ಒಲ್ಲೆ ಅನ್ನುವ ಅವಕಾಶ ಇರುತ್ತಿತ್ತು, ಅಷ್ಟೇ. ಅವನ ಆಸೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಮುಚ್ಚಿಟ್ಟದ್ದರಲ್ಲಿ ಕಾಣುತ್ತದೆ; ‘ಮದುವಿ ಮಾಡಿದ್ರ ಸರಿ ಹೋಗ್ತಾನ’ ಅಂದ ಹಿರಿಯರದು ಅದಕ್ಕಿಂತ ದೊಡ್ಡದು. ಸಿಂದಗಿ ಸ್ಟ್ಯಾಂಡಿನಲ್ಲಿ ಚೀಲ ಇಳಿಸಿಕೊಳ್ಳಲು ಒಬ್ಬ ಬಂದಿದ್ದ. ಗಂಡನೋ, ಗೆಳ್ಯಾನೋ, ಗೊತ್ತಾಗಲಿಲ್ಲ.